ಒಂದು ತಂತಿ ನಿಂತಿರುತ್ತದೆ, ಇನ್ನೊಂದು ಏರುತ್ತದೆ

ಶನಿವಾರ, 14 ಜೂನ್ 2025
ಆಸ್ಟಿನ್, ಟೆಕ್ಸಸ್

ಹತ್ತು ಗಂಟೆಗೆ ಬರುತ್ತೇನೆ ಅಂದಿದ್ದ ಅಜ್ಜ ಒಂಬತ್ತೂವರೆಗೇ ಗರಾಜಿನ ಬಾಗಿಲು ತಟ್ಟಿದರು. ನಾನಿನ್ನೂ ಕಾಫಿ ಲೋಟ ಹಿಡಿದುಕೊಂಡಿದ್ದೆ. ಎರಡು ಬೀದಿ ಆಚೆ ಅವರ ಮನೆ. ವಯಸ್ಸು ಎಂಬತ್ತು ದಾಟಿದೆ. 1960ರ ದಶಕದಲ್ಲಿ ಇಲ್ಲಿಯ ಸಣ್ಣ ಊರುಗಳ ಡ್ಯಾನ್ಸ್ ಹಾಲ್‌ಗಳಲ್ಲಿ ಸ್ಟೀಲ್ ಗಿಟಾರ್ ನುಡಿಸುತ್ತಿದ್ದವರು, ಈಗ ನನಗೆ ಅದನ್ನು ಹೇಳಿಕೊಡುತ್ತಿದ್ದಾರೆ. ಅಜ್ಜ ಅನ್ನುವುದು ನನ್ನ ಮನಸ್ಸಿನಲ್ಲಿ ಮಾತ್ರ. ಎದುರಿಗೆ ಹೆಸರು ಹಿಡಿದು ಕರೆಯಬೇಕು, ಅದೇ ಇಲ್ಲಿಯ ರೂಢಿ. ನನಗಿನ್ನೂ ನಾಲಿಗೆ ಏಳುವುದಿಲ್ಲ, ಸರ್ ಅಂದುಬಿಡುತ್ತೇನೆ. ಟೆಕ್ಸಸ್‌ನಲ್ಲಿ ಅದೂ ನಡೆಯುತ್ತದೆ.

ಬಂದವರೇ ನನ್ನ ಕಾಲು ನೋಡಿ ನಕ್ಕರು. ಹವಾಯಿ ಚಪ್ಪಲಿ ಹಾಕಿಕೊಂಡು ಪೆಡಲ್ ಒತ್ತುತ್ತೀಯಾ ಅಂದರು. ಬಿಚ್ಚಿ ಬರಿಗಾಲಲ್ಲಿ ಕೂತೆ. ಆಮೇಲೆ ಹೊಳೆಯಿತು, ಈ ಸ್ಟೀಲ್ ಗಿಟಾರ್ ಹುಟ್ಟಿದ್ದೂ ಹವಾಯಿಯಲ್ಲೇ ಅಲ್ವಾ. 1889ರ ಸುಮಾರಿಗೆ ಜೋಸೆಫ್ ಕೆಕುಕು ಅನ್ನುವ ಹುಡುಗ ಗಿಟಾರಿನ ತಂತಿ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸಿದ. ಸ್ಟೀಲ್ ಅನ್ನುವ ಹೆಸರು ಬಂದದ್ದು ಕೈಯಲ್ಲಿ ಹಿಡಿಯುವ ಆ ಉಕ್ಕಿನಿಂದ.

ಮೂರು ತಿಂಗಳ ಹಿಂದೆ ನಾನು ಕೊಂಡದ್ದು ಹಳೆಯ ಪೆಡಲ್ ಸ್ಟೀಲ್, ಅಂದರೆ ಪೆಡಲ್ ಇರುವ ಸ್ಟೀಲ್ ಗಿಟಾರ್. ಮನೆಗೆ ಬಂದವರು ಇಸ್ತ್ರಿ ಮೇಜಾ ಅಂತ ಕೇಳುತ್ತಾರೆ. ನಾಲ್ಕು ಕಾಲು, ಹತ್ತು ತಂತಿ. ಕೆಳಗೆ ಮೂರು ಪೆಡಲ್, ಮಂಡಿಗೆ ತಾಗುವ ಹಾಗೆ ನಾಲ್ಕು ಲಿವರ್. ಎಡಗೈಯಲ್ಲಿ ಉಕ್ಕಿನ ದುಂಡು ಬಾರ್. ಬಲಗೈ ಹೆಬ್ಬೆರಳಿಗೂ ಎರಡು ಬೆರಳಿಗೂ ತಂತಿ ಮೀಟುವ ಪಿಕ್. ಎಡಗಾಲು ಪೆಡಲ್ ಮೇಲಿದ್ದರೆ ಬಲಗಾಲು ವಾಲ್ಯೂಮ್ ಪೆಡಲ್ ಮೇಲೆ. ಫ್ರೆಟ್ ಅನ್ನುವುದು ಬರೀ ಬಣ್ಣದ ಗೆರೆ, ಕಣ್ಣಿಗೆ ಒಂದು ಗುರುತು ಅಷ್ಟೇ. ಶ್ರುತಿ ಕಾಯುವುದು ಕಿವಿಯ ಕೆಲಸ.

ಇವತ್ತು ಅಜ್ಜ ಒಂದು ಗಂಟೆ ಎರಡೇ ತಂತಿ ನುಡಿಸಿಸಿದರು. ಐದನೆಯದು ಮತ್ತು ಎಂಟನೆಯದು. ನುಡಿಸಬೇಕು, ತಕ್ಷಣ ಅಂಗೈಯ ಅಂಚು ಊರಿ ಸದ್ದು ನಿಲ್ಲಿಸಬೇಕು, ಬಾರ್ ಸರಿಸಬೇಕು, ಮತ್ತೆ ನುಡಿಸಬೇಕು. ಇದಕ್ಕೆ ಪಾಮ್ ಬ್ಲಾಕಿಂಗ್ ಅನ್ನುತ್ತಾರೆ. ಕೆಲವರು ಪಿಕ್‌ನಿಂದಲೇ ತಂತಿ ಮುಟ್ಟಿ ನಿಲ್ಲಿಸುತ್ತಾರೆ. ನಿಲ್ಲಿಸದೆ ಬಾರ್ ಸರಿಸಿದರೆ ಹಿಂದಿನ ಸ್ವರವೂ ಬಾಲದ ಹಾಗೆ ಎಳೆದುಕೊಂಡು ಬರುತ್ತದೆ. ನನ್ನ ಅಂಗೈ ಪ್ರತಿಸಲ ಕ್ಷಣ ತಡವಾಗಿ ಬೀಳುತ್ತದೆ. ಒಳಗಿಂದ ಇವಳು ಕೂಗಿದಳು, "ರೀ, ಅದು ಬೆಕ್ಕಾ, ನೀವಾ?" ಅಜ್ಜ ಏನಂತೆ ಅಂತ ಕೇಳಿದರು. ಚೆನ್ನಾಗಿದೆ ಅಂದಳು ಅಂತ ಹೇಳಿದೆ.

ಆದರೆ ಆ ಎರಡು ತಂತಿಯಲ್ಲೇ ಇಡೀ ಗುಟ್ಟು ಇದೆ ಅಂತ ಇವತ್ತು ಗೊತ್ತಾಯಿತು. ಎಂಟನೆಯ ತಂತಿಯನ್ನು ಸ ಅಂದುಕೊಂಡರೆ ಆರನೆಯದು ಗ, ಐದನೆಯದು ಪ. ಮೊದಲ ಪೆಡಲ್ ಒತ್ತಿದರೆ ಪ ಏರಿ ದ ಆಗುತ್ತದೆ. ಎರಡನೆಯದು ಒತ್ತಿದರೆ ಗ ಏರಿ ಮ ಆಗುತ್ತದೆ. ಸ ಮಾತ್ರ ಅಲುಗುವುದಿಲ್ಲ. ಸ-ಗ-ಪ ಇದ್ದದ್ದು ಬಾರ್ ಕದಲಿಸದೆ ಸ-ಮ-ದ ಆಗುತ್ತದೆ. ನಮ್ಮ ಚಿತ್ರವೀಣೆಯಲ್ಲೂ ತಂತಿ ಮೇಲೆ ಉರುಳೆ ಜಾರಿಸುತ್ತಾರೆ, ಅದರ ಜಾರು ಗಮಕ ಕೇಳಿ ಬೆಳೆದ ಕಿವಿ ನನ್ನದು. ಆದರೆ ಬಾರ್ ಸರಿದರೆ ಅದರ ಕೆಳಗಿರುವ ತಂತಿಗಳೆಲ್ಲ ಒಟ್ಟಿಗೆ ಸರಿಯುತ್ತವೆ. ಇಲ್ಲಿ ಸ ಮಿಡಿಯುತ್ತಿರುವಾಗಲೇ ಪಕ್ಕದ ಸ್ವರ ಅದಕ್ಕೆ ಉಜ್ಜಿಕೊಂಡು ಮೇಲೆ ಹೋಗುತ್ತದೆ. ಇಲ್ಲಿಯ ಹಳ್ಳಿಗಾಡಿನ ಕಂಟ್ರಿ ಹಾಡುಗಳಲ್ಲಿ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದಲ್ಲ, ಅದು ಈ ಜಾಗ.

ಪೆಡಲ್ ಮೊದಲೂ ಇತ್ತು. ಹೆಚ್ಚಾಗಿ ಶ್ರುತಿ ಬದಲಾಯಿಸಿಕೊಳ್ಳುವುದಕ್ಕೆ ಬಳಸುತ್ತಿದ್ದರು. 1954ರಲ್ಲಿ ಕಂಟ್ರಿ ಗಾಯಕ ವೆಬ್ ಪಿಯರ್ಸ್ ಹಾಡಿದ 'ಸ್ಲೋಲಿ' ಬಂತು. ಅದರಲ್ಲಿ ಸ್ಟೀಲ್ ನುಡಿಸಿದ ಬಡ್ ಐಸಾಕ್ಸ್ ತಂತಿ ಮಿಡಿಯುತ್ತಿರುವಾಗಲೇ ಪೆಡಲ್ ತುಳಿದರು. ರೇಡಿಯೊದಲ್ಲಿ ಕೇಳಿದ ಸ್ಟೀಲ್‌ನವರೆಲ್ಲ ಇದೇನಪ್ಪಾ ಅಂತ ತಲೆ ಕೆಡಿಸಿಕೊಂಡರು. ಮನೆಯಲ್ಲಿ ಸಿಕ್ಕ ಸರಳು, ತಂತಿ ಕಟ್ಟಿ ತಾವೇ ಪೆಡಲ್ ಮಾಡಿಕೊಂಡರು. ಐಸಾಕ್ಸ್ ಒಂದೇ ಪೆಡಲಿನಲ್ಲಿ ಎರಡೂ ಸ್ವರ ಏರಿಸುತ್ತಿದ್ದರು. ಅದನ್ನು ಎರಡು ಪೆಡಲಿಗೆ ಬಿಡಿಸಿ ಹಾಕಿದವರು ಬಡ್ಡಿ ಎಮನ್ಸ್, 1956ರಲ್ಲಿ. ಆಗ ಅವರಿಗೆ ಹತ್ತೊಂಬತ್ತು. ಗ ಬೇರೆ, ಪ ಬೇರೆ ಏರಿಸಬಹುದು ಅಂತಾದ ಮೇಲೆ ವಾದ್ಯದ ಮಾತೇ ಬದಲಾಯಿತು. 1957ರಲ್ಲಿ ಶಾಟ್ ಜಾಕ್ಸನ್ ಜೊತೆ ಸೇರಿ ಶೋ-ಬಡ್ ಅಂತ ತಮ್ಮದೇ ಗಿಟಾರು ಮಾಡಲು ಶುರು ಮಾಡಿದರು.

ಇಷ್ಟೆಲ್ಲ ನಾನು ಉತ್ಸಾಹದಿಂದ ಒದರಿದೆ. ಅಜ್ಜ ಸುಮ್ನೆ ಕೇಳಿಸಿಕೊಂಡು, ಎರಡೂ ಕಾಲು ಪೆಡಲಿನಿಂದ ಆಚೆ ಇಟ್ಟು, ಬಾರ್ ಒಂದರಲ್ಲೇ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಹಾಡಿನ ಎರಡು ಸಾಲು ನುಡಿಸಿದರು. ನನ್ನ ಬಾಯಿ ಮುಚ್ಚಿತು. ಹ್ಯಾಂಕ್ ಜೊತೆ ಡ್ರಿಫ್ಟಿಂಗ್ ಕೌಬಾಯ್ಸ್ ತಂಡದಲ್ಲಿ ಸ್ಟೀಲ್ ನುಡಿಸುತ್ತಿದ್ದ ಡಾನ್ ಹೆಲ್ಮ್ಸ್ ಬಳಿ ಪೆಡಲೇ ಇರಲಿಲ್ಲ. ಹ್ಯಾಂಕ್ ದನಿ ಕೆಳಗೆ ನರಳುತ್ತಿದ್ದರೆ ಹೆಲ್ಮ್ಸ್ ಸ್ಟೀಲ್ ತುಂಬಾ ಮೇಲೆ, ರೈಲಿನ ಸಿಳ್ಳೆ ಹಾಗೆ. ಮೇಲೇ ನುಡಿಸು ಅಂತ ಹೇಳಿದ್ದು ನಿರ್ಮಾಪಕ ಫ್ರೆಡ್ ರೋಸ್. ಇನ್ನೊಬ್ಬ ಸ್ಟೀಲ್ ವಾದಕ ಜೆರ್ರಿ ಬರ್ಡ್ ಕಥೆಯೂ ಅಜ್ಜನಿಗೆ ಇಷ್ಟ. ಒಹಾಯೊದಲ್ಲಿ ಹುಟ್ಟಿದವರು, ನ್ಯಾಶ್‌ವಿಲ್‌ನಲ್ಲಿ ಹೆಸರು ಮಾಡಿದವರು. ಎಲ್ಲರೂ ಪೆಡಲ್ ಹಿಂದೆ ಹೋದಾಗ ಇವರು ಹೋಗಲಿಲ್ಲ. 1970ರ ದಶಕದ ಆರಂಭದಲ್ಲಿ ಗಂಟುಮೂಟೆ ಕಟ್ಟಿ ಹವಾಯಿಗೆ ಹೋಗಿ, ಅಲ್ಲಿಯ ಹುಡುಗರಿಗೇ ಸ್ಟೀಲ್ ಹೇಳಿಕೊಟ್ಟರು. ತವರಿನಲ್ಲಿ ಮರೆತ ಹಾಡನ್ನು ಸೊಸೆ ಬಂದು ಕಲಿಸಿದ ಹಾಗೆ.

ಊಟಕ್ಕೆ ಚಿತ್ರಾನ್ನ. ಖಾರ ಜಾಸ್ತಿ ಆದರೂ ಅಜ್ಜ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಬ್ಯಾಂಡಿನ ಹಳೆಯ ದಿನಗಳ ಮಾತಿಗೆ ಕೂತರು. ಒಂಬತ್ತರಿಂದ ಒಂದರವರೆಗೆ ಡ್ಯಾನ್ಸ್, ಆಮೇಲೆ ರಾತ್ರಿಯೆಲ್ಲ ಡ್ರೈವಿಂಗ್. ಐದು ಜನ, ಒಂದು ಕಾರು, ಹಿಂದೆ ಟ್ರೈಲರ್. ಉಳಿದವರು ಗಿಟಾರು ತಗುಲಿಸಿಕೊಂಡು ನಿಂತರೆ ಮುಗಿಯಿತು. ಇವರೊಬ್ಬರು ನೆಲದ ಮೇಲೆ ಕೂತು ವಾದ್ಯದ ಕಾಲು ತಿರುಗಿಸಿ, ಪೆಡಲಿನ ರಾಡ್ ಸಿಕ್ಕಿಸಬೇಕು. ಒಮ್ಮೆ ಒಂದು ರಾಡ್ ಮನೆಯಲ್ಲೇ ಉಳಿದಿತ್ತಂತೆ. ಕೋಟು ನೇತು ಹಾಕುವ ತಂತಿ ಹ್ಯಾಂಗರ್ ಬಿಚ್ಚಿ, ಬಗ್ಗಿಸಿ ಕಟ್ಟಿಕೊಂಡರು. ಕೊನೆಯ ಹಾಡಿನವರೆಗೂ ತಡೆಯಿತು, ಕೊನೆಯ ಹಾಡಿನಲ್ಲಿ ಕಿತ್ತು ಬಂತು.

ಇನ್ನೊಂದು ಮಾತು ನನಗೆ ತುಂಬಾ ಹಿಡಿಸಿತು. ಬ್ಯಾಂಡಿನಲ್ಲಿ ಎಲ್ಲರೂ ನಿಂತಿರುತ್ತಾರೆ, ಸ್ಟೀಲ್‌ನವನು ಕೂತಿರುತ್ತಾನೆ. ಅವನಿಗೆ ಜನರ ಮುಖ ಕಾಣುವುದಿಲ್ಲ, ಬೂಟು ಕಾಣುತ್ತದೆ. ಬೂಟು ನೆಲಕ್ಕೆ ತಾಗಿ ಜಾರುತ್ತಿದ್ದರೆ ಲಯ ಸರಿಯಾಗಿದೆ. ಎತ್ತಿ ಎತ್ತಿ ಇಡುತ್ತಿದ್ದರೆ ಡ್ರಮ್ಮಿನವನು ಓಡುತ್ತಿದ್ದಾನೆ ಅಂತ ಅರ್ಥ. ಇಲ್ಲಿಯ ಸೌತ್ ಲಮಾರ್ ರಸ್ತೆಯ ಬ್ರೋಕನ್ ಸ್ಪೋಕ್ ಅನ್ನುವ ಡ್ಯಾನ್ಸ್ ಹಾಲ್‌ನಲ್ಲಿ ಇವತ್ತಿಗೂ ಜನ ಹಾಗೆ ಜಾರುತ್ತಾರೆ. 1964ರಲ್ಲಿ ಶುರುವಾದ ಜಾಗ, ಹೆಸರಾಂತ ಬ್ಯಾಂಡ್ ನಾಯಕ ಬಾಬ್ ವಿಲ್ಸ್ ಕೂಡ ನುಡಿಸಿದ್ದರು. ವಿಲ್ಸ್ ಹಾಡಿನ ಮಧ್ಯೆ ತಮ್ಮ ಸ್ಟೀಲ್‌ನವ ಲಿಯಾನ್ ಮೆಕಾಲಿಫ್‌ರ ಹೆಸರು ಕೂಗಿ ಹುರಿದುಂಬಿಸುತ್ತಿದ್ದರಲ್ಲ, ಅಜ್ಜ ಅದನ್ನು ಅನುಕರಿಸಿ ಕೂಗಿದರು. ನಾಯಿ ಎದ್ದು ಬೊಗಳಿತು.

ನಮ್ಮಲ್ಲೂ ಹವಾಯಿಯನ್ ಗಿಟಾರ್ ಇತ್ತು ಅಂತ ನಾನು ಹೇಳಿದೆ. ಟೌ ಮೊಯ್ ಅನ್ನುವ ಕಲಾವಿದರು 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ಇದ್ದು ಕಲಿಸಿದ್ದು, ಚಿಕ್ಕಂದಿನಲ್ಲಿ ರೇಡಿಯೊದಲ್ಲಿ ಸಿನಿಮಾ ಹಾಡುಗಳನ್ನು ಗಿಟಾರಿನಲ್ಲಿ ಕೇಳಿದ್ದು, ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ಮಾಡಿದ ಮೋಹನವೀಣೆ, ಎಲ್ಲ ಹೇಳಿದೆ. ಫೋನಿನಲ್ಲಿ ಚಿತ್ರವೀಣೆ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ, ಇವರು ತಂತಿ ಹೇಗೆ ಬ್ಲಾಕ್ ಮಾಡುತ್ತಾರೆ ಅಂತ.

ಈಗ ರಾತ್ರಿ ಹನ್ನೊಂದು. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಐದು, ಎಂಟು, ಐದು, ಎಂಟು. ಪೆಡಲ್ ಒತ್ತಿದಾಗ ದ ಕೂದಲೆಳೆಯಷ್ಟು ಮೇಲೆ ಹೋಗುತ್ತಿದೆ. ಬೆಳಿಗ್ಗೆ ಎದ್ದು, ಪೆಡಲ್ ಸ್ವರವನ್ನು ಎಷ್ಟು ಏರಿಸಬೇಕು ಅಂತ ಹೊಂದಿಸುವ ನೈಲಾನ್ ನಟ್ಟನ್ನು ಸ್ವಲ್ಪ ಸಡಿಲ ಮಾಡಬೇಕು.