ಫೋಟೋ ಅಸಲಿ, ಸುದ್ದಿ ತಪ್ಪು

2023ರ ಮಾರ್ಚ್. ಅಂಧೇರಿಯ ಒಂದು ನ್ಯೂಸ್ ಆಪ್‌ನ ಕನ್ನಡ ಡೆಸ್ಕ್, ನೈಟ್ ಶಿಫ್ಟ್. ನೆಟ್ಟಲ್ಲಿ ಓಡುತ್ತಿರುವ ಸುದ್ದಿಗಳ ಟ್ರೆಂಡ್ ಶೀಟಿನಲ್ಲಿ ಒಂದು ಪಾಂಡಾ ಬಂತು. ಚೀನಾ ಎರವಲು ಕೊಟ್ಟಿದ್ದ, ಅಮೆರಿಕಾದ ಮೆಂಫಿಸ್ ಮೃಗಾಲಯದ ಯಾ ಯಾ. ಕೂದಲು ಉದುರಿ ಮೈಯೆಲ್ಲ ಸೊರಗಿತ್ತು. ಕರುಳು ಚುರ್ ಎಂದಿತು.

ಬೇಕಂತಲೇ ಉಪವಾಸ ಕೆಡವಿದ್ದಾರೆ ಎಂದು ಚೀನಾದ ಜನ ಕುದಿಯುತ್ತಿದ್ದರು. ಫೋಟೋ ಎಲ್ಲಿಂದ ಬಂತು ಎಂದು ರಿವರ್ಸ್ ಸರ್ಚ್ ಹಾಕಿ ನೋಡಿದೆ. ಅಸಲಿ. ಅಷ್ಟು ಸಾಕು ಅಂದುಕೊಂಡೆ. ‘ಅಮೆರಿಕಾದಲ್ಲಿ ಪಾಂಡಾಗೆ ನರಕ’ ಎಂದು ಹೆಡ್ಡಿಂಗ್ ಕೊಟ್ಟು ಪುಶ್, ಅಂದರೆ ಓದುಗರ ಫೋನಿಗೆ ನೋಟಿಫಿಕೇಶನ್, ಹೊಡೆದೆ.

ಹತ್ತು ನಿಮಿಷದಲ್ಲಿ ಕಾಮೆಂಟ್ ತುಂಬಿತು. ಅರ್ಧ ಜನ ಅಮೆರಿಕಾಗೆ ಬೈದರು, ಉಳಿದವರು ಚೀನಾಗೆ. ಎಲ್ಲರ ಬಾಯಲ್ಲೂ ದೇಶ, ದೇಶ. ಪಾಂಡಾ ಬಗ್ಗೆ ಒಬ್ಬರೂ ಕೇಳಲಿಲ್ಲ.

ಪಕ್ಕದ ಸೀಟಿನ ಧಾರವಾಡದ ಅಕ್ಕ ಸ್ಕ್ರೀನ್ ನೋಡಿದರು. “ತಮ್ಮಾ, ಫೋಟೋ ಖರೆ ಐತಿ. ಕಥೀನೂ ಖರೆ ಅಂತ ಯಾರ್ ಹೇಳಿದ್ರು?”

ಆಗ ಕೂತು ಓದಿದೆ. ಯಾ ಯಾಗೆ ಹಳೆಯ ಚರ್ಮರೋಗ ಇತ್ತು. ನೋಡಲು ಹೋದ ಚೀನಾದ ತಜ್ಞರೂ ಅದನ್ನೇ ಹೇಳಿದ್ದರು. 2003ರಲ್ಲಿ ಶುರುವಾದ 20 ವರ್ಷದ ಕರಾರು ಮುಗಿಯುತ್ತಿತ್ತು, ವಾಪಸ್ ಕಳಿಸುವುದಾಗಿ 2022ರ ಡಿಸೆಂಬರಿನಲ್ಲೇ ಹೇಳಿಯಾಗಿತ್ತು. ಪ್ರಾಣಿಪ್ರಿಯರ ಕಳವಳ ಸುಳ್ಳಲ್ಲ, ಅದು ಮೊದಲಿಂದಲೂ ಇತ್ತು. ಆದರೆ ಫೆಬ್ರವರಿ ಮೊದಲ ವಾರ ಜೊತೆಗಾರ ಲೆ ಲೆ ಸತ್ತ. ಅದೇ ವಾರ, ಬೇಹುಗಾರಿಕೆಗೆ ಬಂದದ್ದು ಎಂದು ಚೀನಾದ ಬಲೂನನ್ನು ಅಮೆರಿಕಾ ಹೊಡೆದು ಬೀಳಿಸಿತು. ಬಲೂನಿನ ಸಿಟ್ಟೂ ಈ ಮೂಕಪ್ರಾಣಿಯ ಮೇಲೇ ಬಂದು ಕೂತಿತು.

ಹೆಡ್ಡಿಂಗ್ ಬದಲಿಸಲು ಶಿಫ್ಟ್ ಹೆಡ್ ಅಪ್ರೂವಲ್ ಬೇಕು. ಅವರು ಫೋನ್ ಎತ್ತಲಿಲ್ಲ. ಸುಮ್ನೆ ರಿಫ್ರೆಶ್ ಮಾಡುತ್ತಾ ಇಪ್ಪತ್ತೆರಡು ನಿಮಿಷ ಕೂತಿದ್ದೆ. ಶೇರ್ ಏರುತ್ತಲೇ ಇತ್ತು. ಸುದ್ದಿ ಹಾಕುವ ಸಾಫ್ಟ್‌ವೇರ್ ಸಿಎಂಎಸ್‌ನಲ್ಲಿ ಪುಶ್ ಕೊಡಲು ಒಂದು ಬಟನ್ ಸಾಕು, ವಾಪಸ್ ತೆಗೆಯಲು ದಾರಿಯೇ ಇಲ್ಲ. ಇದನ್ನು ಸರಿ ಮಾಡಿ ಎಂದು ಇವತ್ತಿಗೂ ಕೇಳುತ್ತಿದ್ದೇನೆ. ತಿದ್ದುಪಡಿ ಹಾಕುವಷ್ಟರಲ್ಲಿ ಓದುವವರು ಓದಿ ಮುಗಿಸಿದ್ದರು. ಏಪ್ರಿಲ್ ಕೊನೆಗೆ ಯಾ ಯಾ ಶಾಂಘೈಗೆ ಬಂದಿಳಿದಳು.

2024ರಲ್ಲಿ ಇದೇ ಥರ ಇನ್ನೊಂದು ಪಾಂಡಾ, ಫು ಬಾವೊ ಬಂದಳು. ದಕ್ಷಿಣ ಕೊರಿಯಾದಲ್ಲಿ ಹುಟ್ಟಿದವಳು, ಏಪ್ರಿಲಿನಲ್ಲಿ ಚೀನಾಗೆ ಹೋದವಳು. ಹೊರಗಿನವರು ಅವಳನ್ನು ಮುಟ್ಟಿ ಫೋಟೋ ತೆಗೆಯುತ್ತಿದ್ದಾರೆ ಎಂದು ಈ ಸಲ ಕೊರಿಯಾದವರಿಗೆ ಸಿಟ್ಟು. ಚೀನಾದ ಪಾಂಡಾ ಕೇಂದ್ರ ಅಲ್ಲಗಳೆದಿತ್ತು. ನಾನು ಹೋಲ್ಡ್ ಹಾಕಿದೆ. “ಬೇರೆಯವರೆಲ್ಲ ಹಾಕಿದ್ದಾರೆ, ನಮ್ಮದೆಲ್ಲಿ?” ಎಂದರು ಶಿಫ್ಟ್ ಹೆಡ್. ಎರಡೂ ಕಡೆಯ ಮಾತು ಸಿಕ್ಕಮೇಲೆ ಬರೆದೆ, ಪುಶ್ ಇಲ್ಲದೆ. ಜಾಸ್ತಿ ಜನ ಓದಲಿಲ್ಲ. ಕೆಳಗೆ ಒಬ್ಬರು ಕೇಳಿದ್ದರು: “ಈಗ ಹೇಗಿದ್ದಾಳೆ?” ಅವರಿಗೆ ಉತ್ತರ ಬರೆದು ಮನೆಗೆ ಹೊರಟೆ.