ಫಿಲೋಮಿನಾ ನಿಜವಾಗಿಯೂ ಸಂತಳೇ?

ಮೈಸೂರಿನ ಅಶೋಕ ರಸ್ತೆಯಲ್ಲಿರುವ ಜೋಡಿ ಗೋಪುರದ ಚರ್ಚನ್ನು ನೋಡಿ ಬಂದವರು ನನ್ನನ್ನು ಪದೇ ಪದೇ ಕೇಳುತ್ತಾರೆ: "ಫಿಲೋಮಿನಾಳನ್ನು ಸಂತರ ಪಟ್ಟಿಯಿಂದ ತೆಗೆದುಬಿಟ್ಟರಂತೆ. ಮತ್ತೆ ನಿಮ್ಮ ಚರ್ಚಿಗೆ ಇನ್ನೂ ಏಕೆ ಆಕೆಯ ಹೆಸರು?"

1961ರಲ್ಲಿ ರೋಮಿನ ಕಥೋಲಿಕ ಧರ್ಮಪೀಠ ತೆಗೆದದ್ದು ಪೂಜಾ ಪಂಚಾಂಗದಲ್ಲಿದ್ದ ಆಕೆಯ ಹಬ್ಬವನ್ನು. ಆಕೆಯಲ್ಲಿ ಮೊರೆಯಿಡುವುದನ್ನು ನಿಷೇಧಿಸಲಿಲ್ಲ. ಹಾಗಾದರೆ ಹಬ್ಬವನ್ನಾದರೂ ಏಕೆ ತೆಗೆದರು?

1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ಭೂಗತ ಸ್ಮಶಾನದಲ್ಲಿ ಒಂದು ಗೋರಿ ಸಿಕ್ಕಿತು. ಅದನ್ನು ಮುಚ್ಚಿದ್ದ ಮೂರು ಹೆಂಚುಗಳ ಮೇಲೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳಿದ್ದವು. ಲ್ಯಾಟಿನ್ ಅಕ್ಷರಗಳಿದ್ದ ಆ ಹೆಂಚುಗಳ ಕ್ರಮ ಬದಲಿಸಿ ಓದಿದರೆ "ಫಿಲುಮೆನಾ, ನಿನಗೆ ಶಾಂತಿ" ಎಂದಾಗುತ್ತಿತ್ತು. ಒಳಗೆ ಹದಿಹರೆಯದ ಹುಡುಗಿಯೊಬ್ಬಳ ಮೂಳೆಗಳು, ಒಂದು ಗಾಜಿನ ಕುಪ್ಪಿ. ಕುಪ್ಪಿಯಲ್ಲಿದ್ದುದು ರಕ್ತವೆಂದು ನಂಬಿದ ಅಂದಿನವರು ಆಕೆ ರಕ್ತಸಾಕ್ಷಿ, ಎಂದರೆ ವಿಶ್ವಾಸಕ್ಕಾಗಿ ಪ್ರಾಣ ತೆತ್ತವಳು, ಎಂದು ತೀರ್ಮಾನಿಸಿದರು. ಗೋರಿಯಿಂದ ದೊರೆತದ್ದು ಇಷ್ಟೇ. ಗ್ರೀಕ್ ರಾಜಕುಮಾರಿಯಾಗಿದ್ದಳು, ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್‌ನನ್ನು ಮದುವೆಯಾಗಲು ಒಪ್ಪದೆ ಪ್ರಾಣ ತೆತ್ತಳು ಎಂಬ ಕಥೆ ನೇಪಲ್ಸಿನ ಸಂನ್ಯಾಸಿನಿಯೊಬ್ಬರಿಗಾದ ದರ್ಶನದಿಂದ 1833ರಲ್ಲಿ ಬಂದದ್ದು. ಮುಂದೆ ಪುರಾತತ್ತ್ವಜ್ಞ ಮರುಕ್ಕಿ, ಆ ಹೆಂಚುಗಳು ಹಳೆಯ ಬೇರೊಂದು ಗೋರಿಯವು, ಮರುಬಳಕೆಯಾದವು ಎಂದು ವಾದಿಸಿದರು. ಅದು ನಿಜವಾದರೆ ಆ ಹುಡುಗಿಯ ಹೆಸರೂ ಅನುಮಾನವೇ.

ತಿಳಿಯದ್ದನ್ನು ತಿಳಿದಂತೆ ಪಂಚಾಂಗದಲ್ಲಿ ಉಳಿಸಿಕೊಳ್ಳದ ಈ ಪ್ರಾಮಾಣಿಕತೆ ನನಗೆ ಹೆಮ್ಮೆಯ ವಿಷಯ. ಭಕ್ತಿಗೂ ಇದರಿಂದ ಕುಂದಿಲ್ಲ. ಫ್ರಾನ್ಸಿನ ಆರ್ಸ್ ಊರಿನ ಪಾದ್ರಿ ಜಾನ್ ಮರಿಯ ವಿಯಾನ್ನಿಯವರು ತಮ್ಮಲ್ಲಿಗೆ ಬಂದ ರೋಗಿಗಳು ಗುಣವಾದಾಗ ಅದು ಫಿಲೋಮಿನಾಳ ಕೃಪೆಯೆಂದೇ ಹೇಳುತ್ತಿದ್ದರು. ಸ್ವತಃ ಸಂತರಾದ ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಮೈಸೂರಿಗೆ ಆಕೆಯ ಪವಿತ್ರ ಅವಶೇಷ ದೊರೆತದ್ದು 1926ರಲ್ಲಿ, ಮಹಾರಾಜರ ಹುಜೂರ್ ಕಾರ್ಯದರ್ಶಿ ತಂಬೂಚೆಟ್ಟಿಯವರ ಪ್ರಯತ್ನದಿಂದ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಈಗಿನ ಚರ್ಚಿನ ಅಡಿಗಲ್ಲು ಹಾಕಿದರು. ಬಿಷಪ್ಪರ ಪ್ರಧಾನಾಲಯವಾದ ಈ ಚರ್ಚಿಗೆ ಸಂತ ಜೋಸೆಫರ ಹೆಸರೂ ಇದೆ, ಆದರೆ ಊರಿನವರ ಬಾಯಲ್ಲಿ ಅದು ಫಿಲೋಮಿನಾ ಚರ್ಚ್. ನೆಲಮಾಳಿಗೆಯಲ್ಲಿ ಮಲಗಿರುವ ಆಕೆಯ ಪ್ರತಿಮೆಯ ಮುಂದೆ ಕೈಮುಗಿಯುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಅವರು ತರುವುದು ತಮ್ಮ ಕಷ್ಟವನ್ನು. ರಾಜಕುಮಾರಿಯ ಕಥೆ ಗೊತ್ತಿರಲೇಬೇಕೆಂದೇನಿಲ್ಲ.

ಕೇಳುವವರಿಗೆ ನನ್ನದೂ ಒಂದು ಬೇಡಿಕೆಯಿದೆ. ಆ ಕಥೆಯನ್ನು ಧಾರಾಳವಾಗಿ ಹೇಳಿ, ಆದರೆ ದರ್ಶನದಿಂದ ಬಂದದ್ದು ಎಂಬುದನ್ನೂ ಸೇರಿಸಿ ಹೇಳಿ. ಧರ್ಮೋಪದೇಶದ ತರಗತಿಯ ಮಕ್ಕಳಿಗೂ ಅದು ಅರ್ಥವಾಗುತ್ತದೆ.