ಎಣ್ಣೆ ಸೊನ್ನೆ ಅಂತ ಬರೆದಿತ್ತು, ಕೆಂಪು ಟಿಕ್ ಹಾಕಿದ್ದು ನಾನು

ಲ್ಯಾಬ್‌ನಿಂದ ಫೋನ್ ಬಂದಾಗ ಮಧ್ಯಾಹ್ನ 12.40. "ಮೇಡಂ, ಕಿಡ್ನಿ ಓಪಿಡಿಯಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ. ನಿಮ್ಮ ಪೇಷಂಟ್ ಒಬ್ಬರದು ಕ್ರಿಟಿಕಲ್ ವ್ಯಾಲ್ಯೂ ಬಂದಿದೆ. ಪೊಟ್ಯಾಸಿಯಂ 6.8. ಸ್ಯಾಂಪಲ್ ಹಿಮೋಲೈಸ್ ಆಗಿಲ್ಲ, ಎರಡು ಸಲ ಹಾಕಿ ನೋಡಿದ್ವಿ."

ರಕ್ತಕಣ ಒಡೆದು ಸುಳ್ಳಾಗಿ ಏರಿದ್ದಲ್ಲ, ಹೃದಯ ನಿಲ್ಲಿಸಬಹುದಾದ ನಿಜವಾದ ಅಂಕಿ ಅಂತ ಅರ್ಥ. ಹೆಸರು ಕೇಳಿದೆ. ಕೈ ತಣ್ಣಗಾಯಿತು. ಅರ್ಧ ಗಂಟೆ ಹಿಂದೆ ಅದೇ ಮನುಷ್ಯ ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ನಾನು ಅವರನ್ನು ಬಾಯ್ತುಂಬ ಹೊಗಳಿ ಕಳಿಸಿದ್ದೆ.

ರೀನಲ್ ಡಯಟಿಷಿಯನ್, ಅಂದರೆ ಕಿಡ್ನಿ ರೋಗಿಗಳಿಗೆ ಊಟದ ಕ್ರಮ ಹೇಳುವವಳಾಗಿ ನನಗೆ 13 ವರ್ಷ ಆಯಿತು. ಇದು ನಡೆದು ಎರಡು ವರ್ಷ ಕಳೆದಿದೆ. ಆ ಅರ್ಧ ಗಂಟೆ ಮಾತ್ರ ಇನ್ನೂ ಚುಚ್ಚುತ್ತದೆ.

ಅವರಿಗೆ 61 ವರ್ಷ. ಕಿಡ್ನಿ ಕಾಯಿಲೆ ಸ್ಟೇಜ್ 4, ಕಿಡ್ನಿ ಎಷ್ಟು ಸೋಸುತ್ತದೆ ಅಂತ ಹೇಳುವ ಇಜಿಎಫ್ಆರ್ 22. ಸಕ್ಕರೆ ಕಾಯಿಲೆ ಇಲ್ಲ. ಲೆಕ್ಕ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಹೇಳಿದ್ದನ್ನು ಅಕ್ಷರ ಬಿಡದೆ ಮಾಡುವ ಪೈಕಿ. ಮೂರು ತಿಂಗಳ ಹಿಂದೆ ಮೊದಲ ಸಲ ನನ್ನ ಹತ್ತಿರ ಬಂದಾಗ ರಕ್ತದ ಕೊಬ್ಬು, ಅಂದರೆ ಲಿಪಿಡ್, ಹೆಚ್ಚಿತ್ತು: ಟ್ರೈಗ್ಲಿಸರೈಡ್ 310, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 142. ಹೊರಗೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು. ನಮ್ಮ ಡಯಟ್ ಸಾಫ್ಟ್‌ವೇರ್‌ನಲ್ಲಿ ಕಾಯಿಲೆಗೊಂದು ಬಾಕ್ಸ್ ಇದೆ. ನಾನು "ರೀನಲ್" ಮೇಲೆ ಕ್ಲಿಕ್ ಮಾಡಿದೆ. ಲಿಪಿಡ್ ನೋಡಿ "ಕಾರ್ಡಿಯಾಕ್, ಲೋ ಫ್ಯಾಟ್" ಮೇಲೂ ಕ್ಲಿಕ್ ಮಾಡಿದೆ. ಪ್ರಿಂಟರ್ ಎರಡು ಹಾಳೆ ಕೊಟ್ಟಿತು. ಒಂದರಲ್ಲಿ ಪ್ರೋಟೀನ್ ಕಡಿಮೆ ಮಾಡಿ, ಪೊಟ್ಯಾಸಿಯಂ ನೋಡಿಕೊಳ್ಳಿ ಅಂತ. ಇನ್ನೊಂದರಲ್ಲಿ ಎಣ್ಣೆ, ಬೆಣ್ಣೆ ಬಿಡಿ, ಕೆನೆ ತೆಗೆದ ಹಾಲು ಕುಡಿಯಿರಿ, ಬಾದಾಮಿ, ಹಣ್ಣು ಧಾರಾಳವಾಗಿ ತಿನ್ನಿ ಅಂತ. ಎರಡನ್ನೂ ಒಟ್ಟಿಗೆ ಪಾಲಿಸಿದರೆ ಒಬ್ಬ ಮನುಷ್ಯನ ತಟ್ಟೆಯಲ್ಲಿ ಏನು ಉಳಿಯುತ್ತದೆ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುವುದಿಲ್ಲ. ನಾನೂ ಅವತ್ತು ಹಾಕಲಿಲ್ಲ. ಸಾಲದ್ದಕ್ಕೆ ಎರಡನೇ ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಬರೆದೆ: "ಕೆನೆ ತೆಗೆದ ಹಾಲಿನ ಪುಡಿ ಆಗಬಹುದು."

ಈಗ ಅವರು ಮೂರು ತಿಂಗಳ ನಂತರ ಬಂದಿದ್ದರು. ಲಿಪಿಡ್ ರಿಪೋರ್ಟ್ ಮೊದಲೇ ಕೈಯಲ್ಲಿತ್ತು. ರೀನಲ್ ಪ್ಯಾನೆಲ್‌ಗೆ ಬೆಳಿಗ್ಗೆ ರಕ್ತ ಕೊಟ್ಟಿದ್ದರು, ಅದು ಇನ್ನೂ ಬರಬೇಕಿತ್ತು. ಎಲ್‌ಡಿಎಲ್ 142ರಿಂದ 79ಕ್ಕೆ ಇಳಿದಿತ್ತು. ತೂಕ 58.2 ಇದ್ದದ್ದು 57.6. ಹೆಚ್ಚುಕಡಿಮೆ ಅಷ್ಟೇ ಇದೆ, ಒಳ್ಳೇದು ಅಂದುಕೊಂಡೆ. ಅವರು ಚೀಲದಿಂದ ಗೆರೆ ಹಾಕಿದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ದಿನಕ್ಕೊಂದು ಸಾಲು. ಎಡಗಡೆ ತಾರೀಖು, ಬಲಗಡೆ ಎಣ್ಣೆ. ಮೊದಲ ವಾರ "3 ಚಮಚ". ಆಮೇಲೆ "2". ಎರಡನೇ ಪುಟದಲ್ಲಿ "1". ಅಲ್ಲಿಂದ ಮುಂದೆ ಪುಟಗಟ್ಟಲೆ "0", "0", "0".

"ಸರ್, ಇಷ್ಟು ಶಿಸ್ತಾಗಿ ಮಾಡಿದವರನ್ನು ನಾನು ನೋಡೇ ಇಲ್ಲ" ಅಂದೆ. ಕೆಂಪು ಪೆನ್ನು ತೆಗೆದು ಕೊನೆಯ ಸೊನ್ನೆಯ ಪಕ್ಕ ದೊಡ್ಡ ಟಿಕ್ ಹಾಕಿದೆ. ಅವರ ಮುಖ ಅರಳಿತು.

ಎದ್ದು ಹೋಗುವಾಗ ಮೇಜಿನ ಅಂಚು ಹಿಡಿದು ಎದ್ದರು. "ಕಾಲಲ್ಲಿ ಶಕ್ತಿ ಇಲ್ಲ ಮೇಡಂ, ಎರಡು ದಿನದಿಂದ ಮೆಟ್ಟಿಲು ಹತ್ತೋಕೆ ಆಗ್ತಿಲ್ಲ" ಅಂದರು. ನಾನು ಮುಂದಿನ ಫೈಲ್ ತೆಗೆಯುತ್ತಾ "ಸ್ವಲ್ಪ ಸ್ವಲ್ಪ ನಡೀರಿ, ಸರಿ ಹೋಗುತ್ತೆ" ಅಂದೆ. ಕಿಡ್ನಿ ಕಾಯಿಲೆಯವರು ಕಾಲಲ್ಲಿ ಶಕ್ತಿ ಇಲ್ಲ ಅಂದರೆ ಪೊಟ್ಯಾಸಿಯಂ ನೆನಪಾಗಬೇಕು. ನಾನೇ ಟ್ರೇನಿಗಳಿಗೆ ಪಾಠ ಮಾಡುವ ವಿಷಯ ಅದು. ಕೈಯಲ್ಲಿದ್ದ ಒಳ್ಳೆ ಲಿಪಿಡ್ ರಿಪೋರ್ಟ್ ನನ್ನ ಕಿವಿ ಮುಚ್ಚಿಸಿತ್ತು.

ಲ್ಯಾಬ್ ಫೋನ್ ಇಟ್ಟ ತಕ್ಷಣ ಅವರ ಮೊಬೈಲ್‌ಗೆ ಹಚ್ಚಿದೆ. ರಿಂಗ್ ಆಗುತ್ತಿತ್ತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಡಾಕ್ಟರಿಗೆ ಮೆಸೇಜ್ ಹಾಕಿ ಕಾರಿಡಾರ್‌ಗೆ ಓಡಿದೆ. ಓಪಿಡಿಯಲ್ಲಿ ಇರಲಿಲ್ಲ. ಫಾರ್ಮಸಿ ಸಾಲಿನಲ್ಲಿ ಒಂದೊಂದೇ ಮುಖ ನೋಡಿದೆ, ಅಲ್ಲೂ ಇರಲಿಲ್ಲ. ಮನೆಗೆ ಹೊರಟಿದ್ದರೆ? ದಾರಿಯಲ್ಲಿ ಏನಾದರೂ ಆದರೆ? ಬಿಲ್ಲಿಂಗ್ ದಾಟಿ ಲಿಫ್ಟ್ ಹತ್ತಿರ ಬಂದರೆ, ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ಮೊಬೈಲ್ ಚೀಲದೊಳಗಿತ್ತು. "ಸ್ವಲ್ಪ ಸುಸ್ತು, ಕೂತು ಹೋಗೋಣ ಅಂತ" ಅಂದರು ಆಕೆ.

ವೀಲ್‌ಚೇರ್, ಎಮರ್ಜೆನ್ಸಿ, ಇಸಿಜಿ. ಕಾಗದ ಹೊರಗೆ ಬರುತ್ತಿದ್ದಂತೆ ಸಿಸ್ಟರ್ ಮುಖ ಬಿಗಿಯಾಯಿತು. ಇಸಿಜಿ ಗೆರೆಯ ಟಿ ವೇವ್‌ಗಳು ಗುಡಾರದ ಹಾಗೆ ಚೂಪಾಗಿ ನಿಂತಿದ್ದವು, ಪೊಟ್ಯಾಸಿಯಂ ಹೃದಯಕ್ಕೆ ತಟ್ಟಿದ ಗುರುತು. ಕ್ಯಾಲ್ಸಿಯಂ ಗ್ಲುಕೋನೇಟ್ ನಿಧಾನವಾಗಿ ಕೊಟ್ಟರು. ಆಮೇಲೆ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್, ಡೆಕ್ಸ್‌ಟ್ರೋಸ್, ನೆಬ್ಯುಲೈಸೇಶನ್. ಡಯಾಲಿಸಿಸ್ ಯೂನಿಟ್‌ಗೆ ಒಂದು ಮೆಷೀನ್ ಖಾಲಿ ಇಟ್ಟಿರಲು ಹೇಳಿದರು. ಆ ಕೋಣೆಯಲ್ಲಿ ಡಯಟಿಷಿಯನ್‌ಗೆ ಮಾಡಲು ಒಂದು ಕೆಲಸವೂ ಇರುವುದಿಲ್ಲ. ಪರದೆ ಪಕ್ಕ ನಿಂತು ಮಾನಿಟರ್ ನೋಡುತ್ತಿದ್ದೆ. ನನ್ನ ಕೈಯಲ್ಲಿ ಅವರ ನೋಟ್‌ಬುಕ್ ಇತ್ತು, ವೀಲ್‌ಚೇರ್‌ನಿಂದ ಜಾರಿದ್ದನ್ನು ಎತ್ತಿಕೊಂಡಿದ್ದೆ.

ಎರಡು ಗಂಟೆ ನಂತರ ಪೊಟ್ಯಾಸಿಯಂ 5.8ಕ್ಕೆ ಬಂತು. ಮರುದಿನ ಬೆಳಿಗ್ಗೆ 5.3. ಡಯಾಲಿಸಿಸ್ ಬೇಕಾಗಲಿಲ್ಲ.

ಉಳಿದ ರಿಪೋರ್ಟ್‌ಗಳೂ ಬಂದವು. ಪ್ರೋಟೀನ್ ಒಡೆದಾಗ ಉಳಿಯುವ ಕಸ ಯೂರಿಯಾ, 96 ಇದ್ದದ್ದು 148. ಬೈಕಾರ್ಬ್ 15, ರಕ್ತದಲ್ಲಿ ಆಮ್ಲ ಏರಿದ ಗುರುತು. ರಕ್ತದ ಪ್ರೋಟೀನ್ ಆಲ್ಬುಮಿನ್ 3.9ರಿಂದ 3.1. ಡ್ಯೂಟಿ ಡಾಕ್ಟರ್ ಕೇಳಿದರು: "ಪ್ರೋಟೀನ್ ಕಡಿಮೆ ಮಾಡಿದ್ದಾರೆ ಅಂತೀರಿ, ಯೂರಿಯಾ ಯಾಕೆ ಏರಿದೆ?" ಉತ್ತರ ನನಗೆ ಗೊತ್ತಿತ್ತು, ಹೇಳೋಕೆ ಗಂಟಲು ಕಟ್ಟಿತು. ದೇಹಕ್ಕೆ ಉರುವಲು ಸಾಲದಿದ್ದರೆ ಅದು ತನ್ನದೇ ಮಾಂಸಖಂಡವನ್ನು ಒಡೆದು ಉರಿಸುತ್ತದೆ. ಹಾಗೆ ಒಡೆದಾಗ ಯೂರಿಯಾ ಏರುತ್ತದೆ, ಆಮ್ಲ ಏರುತ್ತದೆ, ಜೀವಕೋಶದೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ. ಪ್ರೋಟೀನ್ ಕಡಿಮೆ ಮಾಡಿದ ಊಟ ಕಿಡ್ನಿಗೆ ಸಹಾಯ ಮಾಡಬೇಕಾದರೆ ಕ್ಯಾಲೊರಿ ಸಾಕಷ್ಟು ಇರಲೇಬೇಕು.

ಮರುದಿನ ಹಾಸಿಗೆ ಪಕ್ಕ ಕೂತು ಡಯಟ್ ರೀಕಾಲ್ ತೆಗೆದೆ, ಅಂದರೆ ದಿನವಿಡೀ ಏನೇನು ತಿನ್ನುತ್ತಿದ್ದರು ಅಂತ ಕೇಳಿ ಬರೆದುಕೊಂಡೆ. ಮೊದಲ ಸಲವೇ ಹೀಗೆ ಕೂತು ಕೇಳಬೇಕಿತ್ತು. 58 ಕೆಜಿಗೆ ಕೆಜಿಗೆ 30ರಂತೆ ಹಿಡಿದರೂ ದಿನಕ್ಕೆ 1740 ಕ್ಯಾಲೊರಿ ಬೇಕು. ಅವರು ತಿನ್ನುತ್ತಿದ್ದದ್ದು 1100 ದಾಟುತ್ತಿರಲಿಲ್ಲ. ಮೊದಲು ಎಣ್ಣೆ, ಬೆಣ್ಣೆ ಸೇರಿ ಸುಮಾರು 45 ಗ್ರಾಂ ಹೋಗುತ್ತಿತ್ತು. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಅಂದರೆ ಅಲ್ಲೇ 400 ಕ್ಯಾಲೊರಿ ಮಾಯ. ಆ ಜಾಗ ತುಂಬಿದ್ದು ಏನು? ಹಾಲಿನ ಪುಡಿ ದಿನಕ್ಕೆ 60 ಗ್ರಾಂ. ಬಾದಾಮಿ 20. ಕಿತ್ತಳೆ ರಸ ಎರಡು ಲೋಟ. "ಎರಡನೇ ಹಾಳೆಯಲ್ಲಿ ಹೃದಯಕ್ಕೆ ಒಳ್ಳೇದು ಅಂತ ಇತ್ತಲ್ಲ ಮೇಡಂ" ಅಂದರು. ಇತ್ತು. ಅಂಚಿನಲ್ಲಿ ನನ್ನ ಅಕ್ಷರವೂ ಇತ್ತು.

ಹಾಲಿನಿಂದ ಕೆನೆ ತೆಗೆದರೆ ಹೋಗುವುದು ಕೊಬ್ಬು ಮಾತ್ರ. ಸೋತ ಕಿಡ್ನಿ ಸರಿಯಾಗಿ ಹೊರಹಾಕಲಾರದ ಪೊಟ್ಯಾಸಿಯಂ, ರಂಜಕ (ಫಾಸ್ಫರಸ್) ಎರಡೂ ಅಲ್ಲೇ ಉಳಿಯುತ್ತವೆ. ಪುಡಿ ಮಾಡಿದರೆ ನೀರೂ ಹೋಗುತ್ತದೆ, ಉಳಿದದ್ದು ಇನ್ನೂ ಗಟ್ಟಿ. 60 ಗ್ರಾಂ ಪುಡಿಯಲ್ಲಿ ಸುಮಾರು 1000 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಕಿತ್ತಳೆ ರಸ ಲೋಟಕ್ಕೆ 400ರ ಆಸುಪಾಸು. ಅದರ ಮೇಲೆ ಅವರ ಬಿಪಿ ಮಾತ್ರೆ ಕೂಡ ಪೊಟ್ಯಾಸಿಯಂ ಹಿಡಿದಿಡುವ ಜಾತಿಯದ್ದು. ಅದೇ ಎಣ್ಣೆಯಲ್ಲಿ ನೋಡಿ, ಪೊಟ್ಯಾಸಿಯಂ ಇಲ್ಲ, ರಂಜಕ ಇಲ್ಲ, ಪ್ರೋಟೀನ್ ಇಲ್ಲ, ಉಪ್ಪಿಲ್ಲ. ಇಷ್ಟೆಲ್ಲ ಲೆಕ್ಕ ಇಡಬೇಕಾದ ಮನುಷ್ಯನಿಗೆ ಇಷ್ಟು ಹಗುರವಾಗಿ ಕ್ಯಾಲೊರಿ ಕೊಡುವ ವಸ್ತು ಅಡುಗೆಮನೆಯಲ್ಲಿ ಬೇರೆ ಇಲ್ಲ. ನಾನು ತೆಗೆಸಿದ್ದು ಅದನ್ನೇ.

ಅವರ ಹೆಂಡತಿ ಅಲ್ಲೇ ನಿಂತಿದ್ದರು. ಮೆಲ್ಲಗೆ ಹೇಳಿದರು: "ರಾತ್ರಿ ಹಸಿವಾಗಿ ಎದ್ದು ಕೂರ್ತಿದ್ರು ಮೇಡಂ. ಏನಾದ್ರೂ ಕೊಡ್ಲಾ ಅಂದ್ರೆ ಬೇಡ, ಕೊಲೆಸ್ಟ್ರಾಲ್ ಕರಗ್ತಿದೆ, ಇರಲಿ ಅಂತಿದ್ರು." ನನಗೆ ತಲೆ ಎತ್ತಲು ಆಗಲಿಲ್ಲ. "ಅಮ್ಮ, ತಪ್ಪು ನನ್ನದು. ಅವರದಲ್ಲ" ಅಂದೆ. ಅಷ್ಟನ್ನು ಹೇಳಲೇಬೇಕಿತ್ತು. ಇಲ್ಲದಿದ್ದರೆ ಆ ಮನುಷ್ಯ ತಾನೇ ಏನೋ ತಪ್ಪು ತಿಂದೆ ಅಂದುಕೊಂಡು ಇನ್ನೂ ಕಡಿಮೆ ತಿನ್ನುತ್ತಿದ್ದರು.

ಆಮೇಲೆ ಫೈಲ್ ಪೂರ್ತಿ ತಿರುವಿದೆ. ಮೂರು ತಿಂಗಳ ಹಿಂದೆ ಅದೇ ದಿನ ಡಾಕ್ಟರ್ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿದ್ದರು. 50 ದಾಟಿದ, ಡಯಾಲಿಸಿಸ್ ಶುರುವಾಗದ ಕಿಡ್ನಿ ರೋಗಿಗಳಿಗೆ ಸ್ಟ್ಯಾಟಿನ್ ಕೊಡಿ ಅಂತ ಕಿಡ್ನಿ ಚಿಕಿತ್ಸೆಗೆ ಗೈಡ್‌ಲೈನ್ ಬರೆಯುವ ಅಂತಾರಾಷ್ಟ್ರೀಯ ಸಂಸ್ಥೆ ಕೆಡಿಗೋದ 2013ರ ಗೈಡ್‌ಲೈನ್‌ನಲ್ಲೇ ಇದೆ, ಹೊಸದೇನೂ ಅಲ್ಲ. ಅಂದರೆ ಎಲ್‌ಡಿಎಲ್ ಇಳಿಸುವ ಕೆಲಸವನ್ನು ಹೆಚ್ಚಾಗಿ ಮಾಡಿದ್ದು ಮಾತ್ರೆ. ಉಳಿದದ್ದು ಉಪವಾಸ. ಕಿಡ್ನಿ ಕಾಯಿಲೆಯವರಲ್ಲಿ ಕೊಲೆಸ್ಟ್ರಾಲ್ ತಾನಾಗಿ ಇಳಿದರೆ ಅದು ಒಳಗೆ ಸೊರಗುತ್ತಿರುವ ಗುರುತೂ ಆಗಿರಬಹುದು. ಡಯಾಲಿಸಿಸ್‌ನಲ್ಲಿ ಇರುವವರಲ್ಲಂತೂ ಇದನ್ನು ಎಷ್ಟೋ ವರ್ಷದಿಂದ ಗಮನಿಸಿದ್ದಾರೆ. ಟಿಕ್ ಹಾಕುವ ಮೊದಲು ಪ್ರಿಸ್ಕ್ರಿಪ್ಷನ್ ನೋಡಿದ್ದರೆ ಸಾಕಿತ್ತು.

ತೂಕ ಯಾಕೆ ಇಳಿದಿರಲಿಲ್ಲ ಅಂತ ಕಾಲು ನೋಡಿದ ಮೇಲೆ ತಿಳಿಯಿತು. ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿದರೆ ಗುಳಿ ಹಾಗೇ ನಿಂತಿತು. ಕರಗಿದ ಮಾಂಸದ ತೂಕವನ್ನು ನೀರು ತುಂಬಿತ್ತು. ಊತ ಇಳಿದಾಗ ತಕ್ಕಡಿ ತೋರಿಸಿದ್ದು 54.1.

ಡಿಸ್ಚಾರ್ಜ್ ದಿನ ಒಂದೇ ಹಾಳೆ ಕೊಟ್ಟೆ, ಕೈಯಲ್ಲೇ ಬರೆದು. ಎಣ್ಣೆ ದಿನಕ್ಕೆ 3 ದೊಡ್ಡ ಚಮಚ, ಬೆಣ್ಣೆಯ ಬದಲು ದ್ರವವಾಗಿರುವ ಸಸ್ಯದ ಎಣ್ಣೆ. ಕೊಬ್ಬಿನ ಜಾತಿ ಮುಖ್ಯ, ಕಿಡ್ನಿ ರೋಗಿಗಳ ಜೀವಕ್ಕೆ ಹೃದಯದ ಅಪಾಯ ನಿಜವಾಗಿಯೂ ದೊಡ್ಡದು. ವನಸ್ಪತಿ, ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸುವುದು ಬೇಡ. ಟ್ರೈಗ್ಲಿಸರೈಡ್‌ಗೆ ಸಕ್ಕರೆ ಮತ್ತು ಸಿಹಿ ಪಾನೀಯ ಕಡಿಮೆ ಮಾಡಬೇಕು. ಹಾಲಿನ ಪುಡಿ, ಹಣ್ಣಿನ ರಸ ಬಂದ್. ಬಾದಾಮಿ ಸದ್ಯಕ್ಕೆ ಬೇಡ, ಪೊಟ್ಯಾಸಿಯಂ ಹತೋಟಿಗೆ ಬಂದ ಮೇಲೆ ನೋಡೋಣ ಅಂದೆ. ಬಾದಾಮಿ ಕೆಟ್ಟದ್ದೇನಲ್ಲ, ರಿಪೋರ್ಟ್ ಚೆನ್ನಾಗಿರುವ ಎಷ್ಟೋ ಪೇಷಂಟ್‌ಗಳಿಗೆ ನಾನೇ ಕೊಡುತ್ತೇನೆ.

"ಲೋ ಫ್ಯಾಟ್" ಅಂತ ಬರೆದ ಪ್ಯಾಕೆಟ್ ಬಗ್ಗೆಯೂ ಒಂದು ಮಾತು ಬರೆದೆ. ಕೊಬ್ಬು ತೆಗೆದ ಚೀಸ್, ಸಂಸ್ಕರಿಸಿದ ಮಾಂಸದಂಥ ಪ್ಯಾಕೆಟ್‌ಗಳಲ್ಲಿ ಹದ ಬರಲಿ ಅಂತ ಫಾಸ್ಫೇಟ್ ಸೇರಿಸಿರುತ್ತಾರೆ. ಧಾನ್ಯ, ಕಾಳಿನಲ್ಲಿರುವ ರಂಜಕ ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ ರಕ್ತಕ್ಕೆ ಸೇರಿದರೆ, ಸೇರಿಸಿದ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ಸೇರುತ್ತದೆ. ಹಾಗಾಗಿ ಪ್ಯಾಕೆಟ್‌ನ ಮುಂದಿನ ದೊಡ್ಡ ಅಕ್ಷರ ಬಿಟ್ಟು ಹಿಂದಿನ ಪಟ್ಟಿಯಲ್ಲಿ "ಫಾಸ್" ಅಂತ ಹುಡುಕಿ ಅಂದೆ. ಅದನ್ನು ಆಕೆ ನೋಟ್‌ಬುಕ್‌ನ ರಟ್ಟಿನ ಮೇಲೇ ಬರೆದುಕೊಂಡರು.

ಆರು ವಾರ ಬಿಟ್ಟು ಬಂದರು. ಪೊಟ್ಯಾಸಿಯಂ 4.8, ಯೂರಿಯಾ 102. ಊತವಿಲ್ಲದ ತೂಕ 55.3. ನೋಟ್‌ಬುಕ್ ಮುಂದಿಟ್ಟು "ಟಿಕ್ ಹಾಕಲ್ವಾ ಮೇಡಂ?" ಅಂದರು. ಮೊದಲು ಕಾಲು ಒತ್ತಿ ನೋಡಿದೆ. ಹ್ಯಾಂಡ್ ಗ್ರಿಪ್ ತೆಗೆದೆ, ಅಂದರೆ ಕೈ ಹಿಡಿತದ ಬಲ ಅಳೆದೆ. ಕೈ ಊರದೆ ಕುರ್ಚಿಯಿಂದ ಏಳಿ ಅಂದೆ. ಎದ್ದರು. ಈಗ ಇದು ನನ್ನ ರೂಢಿ. ಲಿಪಿಡ್ ರಿಪೋರ್ಟ್ ಆಮೇಲೆ ನೋಡುತ್ತೇನೆ.

ಎರಡು ಬಾಕ್ಸ್ ಒಟ್ಟಿಗೆ ಕ್ಲಿಕ್ ಮಾಡಿದರೆ ಎಚ್ಚರಿಕೆ ಬರುವ ಹಾಗೆ ಸಾಫ್ಟ್‌ವೇರ್ ತಿದ್ದಿ ಅಂತ ಆ ವಾರವೇ ಬರೆದು ಕೊಟ್ಟೆ. ಮೀಟಿಂಗ್‌ನಲ್ಲಿ ಎರಡು ಸಲ ಎತ್ತಿದೆ. ಟಿಕೆಟ್ ಇನ್ನೂ ಓಪನ್ ಇದೆ. ಆಡಳಿತದವರು ಪ್ರತಿ ತಿಂಗಳು ನಮ್ಮಿಂದ ಕೇಳುವ ಅಂಕಿ ಎಷ್ಟು ಡಯಟ್ ಚಾರ್ಟ್ ಪ್ರಿಂಟ್ ಆಯಿತು ಅನ್ನುವುದು. ಒಬ್ಬರಿಗೆ ಎರಡು ಹಾಳೆ ಹೋದರೆ ಎರಡು ಅಂತಲೇ ಲೆಕ್ಕ. ಹೊಸ ಪೇಷಂಟ್‌ಗೆ ಇಪ್ಪತ್ತು ನಿಮಿಷ ಕೊಡಿ ಅಂತ ಕೇಳಿದ್ದೆವು, ಹತ್ತು ಸಿಕ್ಕಿದೆ. ಆ ಹತ್ತು ನಿಮಿಷದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ "ಏನು ಬಿಟ್ಟಿದ್ದೀರಿ?". ಎರಡನೆಯದು "ಅದರ ಬದಲು ಏನು ತಿಂತಿದ್ದೀರಿ?".

ನಿನ್ನೆ ಒಬ್ಬ ಹೆಂಗಸು ಬಂದಿದ್ದರು. ಸ್ಟೇಜ್ 3, ಬೇರೆ ಯೂನಿಟ್‌ನಿಂದ ಕಳಿಸಿದ್ದು. ಕೈಯಲ್ಲಿ ಅದೇ ಎರಡು ಹಾಳೆ, ಅಂದವಾಗಿ ಮಡಚಿಟ್ಟುಕೊಂಡಿದ್ದರು. "ಎಣ್ಣೆ ಪೂರ್ತಿ ನಿಲ್ಸಿದೀನಿ ಮೇಡಂ" ಅಂತ ಹೆಮ್ಮೆಯಿಂದ ಹೇಳಿದರು. ಎರಡನೇ ಹಾಳೆಯನ್ನು ಕೇಳಿ ವಾಪಸ್ ತೆಗೆದುಕೊಂಡೆ. ಹೊಸ ಹಾಳೆ ಎಳೆದುಕೊಂಡು ಬರೆಯಲು ಕೂತೆ.